ಎರೆಯ ಹಾದಿಯ ಮೋಟಾರು ಮೀಮಾಂಸೆ

ಕಾವ್ಯ, ಸಂಗೀತ, ರಾಜಕಾರಣ ಈ ಮೂರರ ವಿಷಯದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯನು ನಾಡಿನಲ್ಲಿ ದೊರೆಯುವುದು ದುರ್ಲಭ. ಈಚೆಗೆ ಈ ಸಾಲಿಗೆ ನಾಲ್ಕನೆಯದಾಗಿ ಮೋಟಾರು ಕಾರು ಬಂದು ಸೇರಿದೆ. ಕೊಳ್ಳುವ ಶಕ್ತಿಯುಳ್ಳವನಿಗಿಂತ ಕೊಳ್ಳಲಾರದವನಲ್ಲಿಯೇ ಈ ಅಭಿಪ್ರಾಯ ಹೆಚ್ಚು ಪ್ರಖರವಾಗಿರುವುದೂ ಉಂಟು. ಹೊಸ ಮಾದರಿಯೊಂದು ಬೀದಿಗಿಳಿದ ಸಂಜೆಯೇ ಅದರ ಮೋರೆ ಚೆನ್ನಾಗಿಲ್ಲ, ಬೆನ್ನು ಗೂನಾಗಿದೆ, ದೀಪಗಳು ಕಣ್ಣು ಕಿರಿದು ಮಾಡಿಕೊಂಡು ಜಗಳಕ್ಕೆ ನಿಂತಂತಿವೆ ಎಂದು ಚಹದಂಗಡಿಯ ಬಾಕಿನ ಮೇಲೆ ತೀರ್ಪು ಹೊರಬೀಳುತ್ತದೆ. ಆದರೆ ಇಷ್ಟಾನಿಷ್ಟ ಬೇರೆ, ವಿಮರ್ಶೆ ಬೇರೆ. ವಿಮರ್ಶೆಗೆ ಒಂದು ಒರೆಗಲ್ಲು ಬೇಕು. ಆ ಒರೆಗಲ್ಲು ವಿಮರ್ಶಕನ ಊರಿನಲ್ಲಿಯೇ ಸಿಕ್ಕಿದರೆ ಇನ್ನೂ ಒಳ್ಳೆಯದು.

ಮುಳಗುಂದದ ಮಟ್ಟಿಗೆ ಅದು ಒಂಬೈನೂರು ವರ್ಷಗಳ ಹಿಂದೆಯೇ ಸಿಕ್ಕಿದೆ. ಗದಗಿನಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಎರೆಹೊಲಗಳ ನಡುವೆ ಇರುವ ಈ ಊರು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ನಯಸೇನನ ಊರೆಂದೇ ಪರಿಚಿತ. 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ಆ ಕವಿ, ಕನ್ನಡದಲ್ಲಿ ಹೇಳುವೆನೆಂದು ಹೊರಟು ನಡುನಡುವೆ ಬೇಡದ ಸಂಸ್ಕೃತವನ್ನು ತುರುಕುವವರನ್ನು ತುಪ್ಪಕ್ಕೆ ಎಣ್ಣೆ ಬೆರಸುವವರ ಸಾಲಿಗೆ ಸೇರಿಸಿ ಹಂಗಿಸಿದನು. ಅವನು ಸಂಸ್ಕೃತವನ್ನು ಬಲ್ಲವನೇ, ಬೇಕಾದೆಡೆ ಬಳಸಿದವನೇ. ಅವನ ಜಗಳವಿದ್ದುದು ಹೊಸದರೊಡನೆಯೂ ಅಲ್ಲ, ಹೊರಗಿನದರೊಡನೆಯೂ ಅಲ್ಲ. ತನ್ನ ಕೆಲಸವನ್ನು ತಾನು ಚೆನ್ನಾಗಿ ಮಾಡಿಕೊಂಡು ಕುಳಿತಿದ್ದ ಮಾತನ್ನು ಎಬ್ಬಿಸಿ, ಅದರ ಜಾಗದಲ್ಲಿ ಬರಿಯ ಹೊಳಪನ್ನು ಕೂರಿಸುವುದರೊಡನೆ.

ಇದೇ ಊರಿನ ಹಿರಿಯರೊಬ್ಬರು ಮೋಟಾರಿನ ವಿಷಯದಲ್ಲಿ ಇದೇ ಮತದವರು. ಹತ್ತಿಯ ಅಡತಿ ವ್ಯವಹಾರದಲ್ಲಿ ನಲವತ್ತು ವರ್ಷ ಕಳೆದು, ಎಪ್ಪತ್ತೆಂಟರ ವಯಸ್ಸಿನಲ್ಲಿ ಮನೆಯ ಪಡಸಾಲೆಯಲ್ಲಿ ವಿಶ್ರಮಿಸುತ್ತಿರುವ ಈ ಅಜ್ಜನವರಿಗೆ ಎಂಜಿನ್ನಿನ ಸದ್ದು ಕೇಳಿ ಗಾಡಿಯ ಹೆಸರು ಹೇಳುವ ಅಭ್ಯಾಸ. ಅವರ ಮೊದಲ ವಾಹನ ಸ್ಟೀರಿಂಗಿನ ಕಂಬಕ್ಕೇ ಗೇರಿನ ಕಡ್ಡಿಯಿದ್ದ ಫಿಯಾಟು. 1974ರಲ್ಲಿ ಪ್ರೀಮಿಯರ್ ಪದ್ಮಿನಿಯೆಂದು ಹೆಸರು ಬದಲಿಸಿಕೊಂಡ ಆ ಗಾಡಿಯ ಹಳೆಯ ಅವತಾರ. ಅದರ ಬಳಿಕ ಮಾರುತಿ 800. ಈಗ ಅಂಗಳದಲ್ಲಿ ನಿಂತಿರುವುದು ಫಿಯಾಟ್ ಮೂಲದ 1248 ಸಿ.ಸಿ. ಡೀಸೆಲ್ ಎಂಜಿನ್ನಿನ ಚಿಕ್ಕ ಕಾರು. ಮಾರುತಿ, ಟಾಟಾ, ಫಿಯಾಟ್ ಎಲ್ಲರೂ ತಮ್ಮ ತಮ್ಮ ಗಾಡಿಗಳಿಗೆ ಹಾಕಿಕೊಂಡದ್ದರಿಂದ ‘ರಾಷ್ಟ್ರೀಯ ಎಂಜಿನ್’ ಎಂಬ ಅಡ್ಡಹೆಸರು ಪಡೆದ ಎಂಜಿನ್ನದು.

ಆ ಕಾರಿನ ಹದಿನೈದು ವರ್ಷದ ನೋಂದಣಿ ಮುಗಿಯುತ್ತ ಬಂದಿದೆ. ಅಜ್ಜಿಯವರಿಗೆ ಎರಡೂ ಮೊಣಕಾಲುಗಳ ಶಸ್ತ್ರಚಿಕಿತ್ಸೆಯಾಗಿ, ತಿಂಗಳಿಗೆ ಎರಡು ಬಾರಿ ಹುಬ್ಬಳ್ಳಿಯ ವೈದ್ಯರಲ್ಲಿಗೆ ಹೋಗಬೇಕಾಗಿದೆ. ಹೋಗಿಬರುವ ದಾರಿ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಆದುದರಿಂದ ಮನೆಯ ಉಳಿತಾಯದ ಬಹುಪಾಲನ್ನು ಒಂದೇ ಸಲಕ್ಕೆ ಹೊರತೆಗೆದು ಹೊಸ ಕಾರನ್ನು ಕೊಳ್ಳುವ ಪ್ರಸಂಗ ಒದಗಿದೆ. ಈ ಸಲ ತಪ್ಪಿದರೆ ತಿದ್ದಿಕೊಳ್ಳಲು ಇನ್ನೊಂದು ಸಲವಿಲ್ಲ. ಹುಬ್ಬಳ್ಳಿಯಲ್ಲಿ ಯಂತ್ರಶಾಸ್ತ್ರ ಓದುತ್ತಿರುವ ಮೊಮ್ಮಗಳು ವಾರಕ್ಕೊಮ್ಮೆ ಊರಿಗೆ ಬಂದಾಗಲೆಲ್ಲ ಅಜ್ಜನಿಗೂ ಅವಳಿಗೂ ಪಡಸಾಲೆಯಲ್ಲಿ ವಾದ ನಡೆಯಿತು. ಅಜ್ಜಿಯವರು ಗೋಡೆಗೆ ಒರಗಿ ಕುಳಿತು ಕಡಲೆಕಾಯಿ ಬಿಡಿಸುತ್ತ ಕೇಳಿದರು.

ಮೊದಲ ವಾದ ಉದ್ದದ್ದು. ಇಂದಿನ ಚಿಕ್ಕ ಕಾರುಗಳೆಲ್ಲ ಹಿಂದಿನಿಂದ ಕತ್ತಿಯಲ್ಲಿ ಕಡಿದಂತಿರುವುದೇಕೆ ಎಂಬುದು ಅಜ್ಜನವರ ಹಳೆಯ ಪ್ರಶ್ನೆ. ಉತ್ತರವಿರುವುದು ಶಿಲ್ಪಿಯ ಪೆನ್ಸಿಲಿನಲ್ಲಲ್ಲ, ಸರಕಾರದ ಮುಂಗಡಪತ್ರದಲ್ಲಿ. 2006ರಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡವಾಗಿದ್ದು, ಪೆಟ್ರೋಲಾದರೆ 1200, ಡೀಸೆಲ್ಲಾದರೆ 1500 ಸಿ.ಸಿ. ಮೀರದ ಕಾರುಗಳಿಗೆ ಸುಂಕ ಇಳಿಯಿತು. ಅಂದಿನಿಂದ ಕಾರಿನ ಬೆನ್ನು ಎಲ್ಲಿ ಮುಗಿಯಬೇಕೆಂಬುದನ್ನು ಅಳತೆಗೋಲು ಹೇಳತೊಡಗಿತು. 2008ರಲ್ಲಿ 4160 ಮಿಲಿಮೀಟರು ಇದ್ದ ಮಾರುತಿಯ ಡಿಜೈರ್ 2012ರಲ್ಲಿ 3995ಕ್ಕೆ ಇಳಿಯಿತು. ಒಂದು ಗೇಣಿಗೂ ಕಡಮೆಯಾದ ಈ ಕಡಿತದಲ್ಲಿ ಡಿಕ್ಕಿಯ ಜಾಗವೂ ಹೋಯಿತು, ಚೆಲುವೂ ಹೋಯಿತು. ಷಟ್ಪದಿಯ ಕೊನೆಯ ಪಾದದಲ್ಲಿ ಗಣವೊಂದನ್ನು ಕಿತ್ತು, ಕಾಗದ ಉಳಿಯಿತೆಂದು ಸಂತೋಷಪಟ್ಟಂತೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿಯನ್ನು ತಿದ್ದಿದಾಗಲೂ ಆ ಗೆರೆ ಅಳಿಯಲಿಲ್ಲ. ಗೆರೆಯ ಈಚೆಗಿದ್ದರೆ ಶೇಕಡ 18, ಆಚೆಗಿದ್ದರೆ 40. ಅಂದಗೇಡಿಯಾದರೂ ಈ ನಿಯಮದಿಂದಲೇ ಎಷ್ಟೋ ಮನೆಗಳ ಅಂಗಳಕ್ಕೆ ಮೊದಲ ಕಾರು ಬಂದದ್ದನ್ನು ಅಜ್ಜನವರೂ ಅಲ್ಲಗಳೆಯಲಿಲ್ಲ. ಬಾಲ ಕಡಿದ ಎತ್ತೂ ಹೊಲ ಉಳುತ್ತದಷ್ಟೆ.

ಆದರೆ ಗಾಜಿನ ಫಲಕದ ವಿಷಯದಲ್ಲಿ ಅವರು ಅಷ್ಟು ಉದಾರಿಗಳಲ್ಲ. ಹೊಸ ಕಾರಿನ ಒಳಗೆ ಕುಳಿತರೆ ಎದುರಿಗೆ ಕಾಣುವುದು ಒಂದು ಗಾಜು. ಕೆಲವಕ್ಕೆ ಬಾಗಿಲಿನಿಂದ ಬಾಗಿಲಿಗೆ ಹಬ್ಬಿದ ಗಾಜು. ಗಾಳಿ ತಣ್ಣಗಾಗಬೇಕೆ? ಗಾಜನ್ನು ಮುಟ್ಟಬೇಕು. ಮುಂಗಾಜಿನ ಮಂಜು ಆರಬೇಕೆ? ಗಾಜನ್ನು ಮುಟ್ಟಿ, ಪಟ್ಟಿಯೊಂದನ್ನು ತೆರೆದು, ಅದರೊಳಗಿನ ಇನ್ನೊಂದು ಪಟ್ಟಿಯನ್ನು ಹುಡುಕಬೇಕು. ತಿರುಗುಗುಂಡಿ, ಒತ್ತುಗುಂಡಿಗಳೆಲ್ಲ ಮಾಯವಾಗಿವೆ. ಇದನ್ನು ಕಂಡ ಅಜ್ಜನವರ ತೀರ್ಪು ಹೀಗಿತ್ತು:

“ಕಣ್ಣು ರಸ್ತೆದ ಮ್ಯಾಲ ಇರಬೇಕು, ಕೈ ತಾನ ಹುಡುಕಿಕೊಳ್ಳಬೇಕು. ಗಾಜಿನ ಮ್ಯಾಲ ಬೆರಳ ಇಟ್ರ ಬೆರಳಿಗೇನ ತಿಳಿತೈತಿ? ಎಲ್ಲಾ ಒಂದ ಥರ ನುಣ್ಣಗ.”

ವಯಸ್ಸಾದವರ ಗೊಣಗಾಟವೆಂದು ಇದನ್ನು ತಳ್ಳಿಹಾಕುವಂತಿಲ್ಲ. 2022ರಲ್ಲಿ ಸ್ವೀಡನ್ನಿನ ‘ವಿ ಬಿಲೇಗಾರೆ’ ಎಂಬ ಮೋಟಾರು ಪತ್ರಿಕೆ ವಿಮಾನನೆಲದಲ್ಲಿ ಒಂದು ಪರೀಕ್ಷೆ ನಡೆಸಿತು. ಗಂಟೆಗೆ 110 ಕಿಲೋಮೀಟರಿನ ವೇಗದಲ್ಲಿ ಹೋಗುತ್ತ ಚಾಲಕನು ಗಾಳಿ, ರೇಡಿಯೋ, ದೀಪ ಮೊದಲಾದವುಗಳಿಗೆ ಸೇರಿದ ನಾಲ್ಕು ಸಣ್ಣ ಕೆಲಸಗಳನ್ನು ಮುಗಿಸಬೇಕು. ಗಾಡಿಯ ಪರಿಚಯ ಮಾಡಿಕೊಳ್ಳಲು ಮೊದಲೇ ಸಮಯ ಕೊಡಲಾಗಿತ್ತು. ಗುಂಡಿಗಳಿದ್ದ 2005ರ ವೋಲ್ವೋ ಕಾರಿನಲ್ಲಿ ಹತ್ತು ಸೆಕೆಂಡು ಹಿಡಿಯಿತು. ಅಷ್ಟರಲ್ಲಿ ಕಾರು 306 ಮೀಟರು ಸಾಗಿತ್ತು. ಎಲ್ಲವನ್ನೂ ಗಾಜಿನೊಳಗೆ ಅಡಗಿಸಿದ್ದ ಹೊಸ ಎಂ.ಜಿ. ಕಾರಿನಲ್ಲಿ 44 ಸೆಕೆಂಡಿಗೂ ಹೆಚ್ಚು ಬೇಕಾಯಿತು. ಕಾರು 1372 ಮೀಟರು ಹೋಗಿತ್ತು. ಕಣ್ಣು ಮತ್ತೆ ಮತ್ತೆ ಗಾಜಿಗೆ ಇಳಿಯುತ್ತ ಇಷ್ಟು ದೂರ ಸಾಗುವುದೆಂದರೇನೆಂಬುದು, ಸುಗ್ಗಿಯ ದಿನಗಳಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳ ನಡುವೆ ರಾತ್ರಿ ಗದಗಿನಿಂದ ಮುಳಗುಂದಕ್ಕೆ ಬಂದವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಗಾಜು ಬಂದದ್ದೇಕೆ? ಸೌಂದರ್ಯಕ್ಕಾಗಿ ಎಂದು ಕಂಪನಿಗಳು ಹೇಳುತ್ತವೆ. ಹತ್ತಾರು ಗುಂಡಿಗಳಿಗೆ ಬೇರೆ ಬೇರೆ ಅಚ್ಚು, ಬೇರೆ ಬೇರೆ ತಂತಿ ಮಾಡುವುದಕ್ಕಿಂತ ಒಂದು ಗಾಜನ್ನು ಅಂಟಿಸಿ ಉಳಿದುದನ್ನು ಗಣಕದ ಲೆಕ್ಕಕ್ಕೆ ಬಿಡುವುದು ಅಗ್ಗವೆಂಬ ಸಂಗತಿಯನ್ನು ಮೊಮ್ಮಗಳೇ ಮುಂದಿಟ್ಟಳು. ದಾರಿಯ ನಕ್ಷೆಗೂ, ಹಿಮ್ಮುಖವಾಗಿ ಬರುವಾಗ ಹಿಂದಿನ ದೃಶ್ಯ ತೋರಿಸುವುದಕ್ಕೂ ಗಾಜೇ ಬೇಕು. ಅಲ್ಲಿ ಅದಕ್ಕೆ ಸಾಟಿಯಿಲ್ಲ. ಕಿವಿ ಹಿಂಡಿದಂತೆ ತಿರುಗಿಸಿದರೆ ಆಗುವ ಕೆಲಸಕ್ಕೆ ಗಾಜು ತುಪ್ಪದೊಳಗಿನ ಎಣ್ಣೆ. ಯೂರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ತಿರುವುದೀಪ, ಅಪಾಯದೀಪ, ಹಾರ್ನು, ವೈಪರು, ತುರ್ತುಕರೆ ಈ ಐದಕ್ಕೂ ಕೈಗೆ ಸಿಗುವ ಪ್ರತ್ಯೇಕ ಗುಂಡಿ ಅಥವಾ ಕಡ್ಡಿ ಇರುವ ಕಾರುಗಳಿಗೆ ಮಾತ್ರ ಪೂರ್ಣ ಗೌರವವೆಂದು ಗೊತ್ತುಪಡಿಸಿದೆ. ಫೋಕ್ಸ್‌ವ್ಯಾಗನ್ ಕಂಪನಿಯ ವಿನ್ಯಾಸಕಾರರ ಮುಖ್ಯಸ್ಥ ಆಂಡ್ರಿಯಾಸ್ ಮಿಂಟ್, ಮುಖ್ಯವಾದ ಗುಂಡಿಗಳನ್ನು ಮರಳಿ ತರುವುದಾಗಿ 2025ರಲ್ಲಿ ಒಪ್ಪಿಕೊಂಡರು. ಆ ಸುದ್ದಿಯನ್ನು ಮೊಮ್ಮಗಳು ಓದಿ ಹೇಳಿದ ಸಂಜೆ ಅಜ್ಜನವರು ಎರಡು ಕಪ್ಪು ಚಹ ಕುಡಿದರಂತೆ.

ಮುಂದಿನ ವಾರದ ವಾದದಲ್ಲಿ ಗೆಲುವು ಅವರದಾಗಿರಲಿಲ್ಲ. ಹಿಂದಿನ ಗಾಡಿಗಳ ತಗಡು ಗಟ್ಟಿ, ಗುದ್ದಿದರೆ ಎದುರಿನವನಿಗೇ ಪೆಟ್ಟು. ಈಗಿನವು ಕೈಯಿಂದ ಒತ್ತಿದರೆ ತಗ್ಗು ಬೀಳುತ್ತವೆ ಎಂಬ ಮಾತು ಊರೂರಿನಲ್ಲಿ ಕೇಳಿಬರುವಂಥದೇ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರಿನ ಮೇಲೆ ಜನರಿಗಿರುವ ಭಕ್ತಿಯ ಅರ್ಧಭಾಗ ಆ ತಗಡಿನ ಮೇಲಿನದು. ಮೊಮ್ಮಗಳು ಇದಕ್ಕೆ ಪುಸ್ತಕ ತೆರೆಯಲಿಲ್ಲ. ಅಜ್ಜನ ವ್ಯಾಪಾರದಿಂದಲೇ ದೃಷ್ಟಾಂತ ತೆಗೆದಳು.

“ಅಜ್ಜಾ, ಅಟ್ಟದ ಮ್ಯಾಲಿಂದ ಹತ್ತಿ ಅಂಡಿಗಿ ಮ್ಯಾಲ ಬಿದ್ರ ಎದ್ದು ಓಡತಿ, ಕಲ್ಲ ಹಾಸಿನ ಮ್ಯಾಲ ಬಿದ್ರ?”

ಇದಕ್ಕಿಂತ ಸರಳವಾಗಿ ಆ ಶಾಸ್ತ್ರವನ್ನು ಹೇಳುವುದು ಕಷ್ಟ. ಓಡುತ್ತಿರುವ ಗಾಡಿಯ ಶಕ್ತಿ ಗುದ್ದಿದಾಗ ಎಲ್ಲಿಗಾದರೂ ಹೋಗಲೇಬೇಕು. ಮುಂಭಾಗ ಮುದುಡಿಕೊಂಡು ಅದನ್ನು ನುಂಗಿದರೆ, ನಿಲ್ಲುವ ಕ್ಷಣ ಸ್ವಲ್ಪ ದೀರ್ಘವಾಗುತ್ತದೆ. ಒಳಗಿನ ಗೂಡು ಉಳಿಯುತ್ತದೆ. ಮುಂಭಾಗ ಹಟ ಹಿಡಿದು ಮುದುಡದಿದ್ದರೆ ಆ ಶಕ್ತಿ ಎದೆಗೂಡಿಗೆ ಬರುತ್ತದೆ. ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ 2009ರಲ್ಲಿ 1959ರ ಭಾರಿ ಷೆವರ್ಲೆ ಬೆಲ್ ಏರ್ ಕಾರನ್ನೂ ಅಂದಿನ ಹೊಸ ಷೆವರ್ಲೆ ಮಾಲಿಬು ಕಾರನ್ನೂ ಎದುರುಬದುರಾಗಿ ಗುದ್ದಿಸಿ ನೋಡಿತು. ಹಳೆಯ ಗಾಡಿಯ ಕೋಣೆ ಕುಸಿದು ಹೋಯಿತು. ಒಳಗಿದ್ದುದು ಗೊಂಬೆಯಾದುದರಿಂದ ಅಳುವವರಿರಲಿಲ್ಲ. ಹೊಸದರ ಗೊಂಬೆಗೆ ಕಾಲಿಗಷ್ಟೇ ಸಣ್ಣ ಪೆಟ್ಟಿನ ಲಕ್ಷಣ.

ಹಾಗೆಂದು ಹೊಸದೆಲ್ಲ ಭದ್ರವೆನ್ನುವಂತೆಯೂ ಇಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಚಿಕ್ಕ ಕಾರುಗಳ ಏರ್‌ಬ್ಯಾಗಿಲ್ಲದ ಮಾದರಿಗಳನ್ನು ಗುದ್ದಿಸಿದಾಗ ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಬಂದದ್ದು ಸೊನ್ನೆ. ನಾಚಿಕೆಯ ಆ ದಿನದಿಂದ ಬಹಳವೇ ಬದಲಾಗಿದೆ. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆಯಿತು. 2019ರಿಂದ ಚಾಲಕನಿಗೆ, ಆಮೇಲೆ ಅವನ ಪಕ್ಕದವನಿಗೂ ಏರ್‌ಬ್ಯಾಗ್ ಕಡ್ಡಾಯವಾಯಿತು. 2023ರ ಅಕ್ಟೋಬರಿನಿಂದ ದೇಶಕ್ಕೆ ತನ್ನದೇ ಆದ ಭಾರತ್ ಎನ್‌ಕ್ಯಾಪ್ ಇದೆ. ಇದೆಲ್ಲವನ್ನೂ ಕೇಳಿ ಅಜ್ಜನವರು ಬಹಳ ಹೊತ್ತು ಸುಮ್ಮನಿದ್ದು, ಐದು ನಕ್ಷತ್ರಕ್ಕೆ ಕಡಮೆಯಾದುದು ಬೇಡವೆಂದು ಪಟ್ಟಿಯಲ್ಲಿದ್ದ ಎರಡು ಹೆಸರುಗಳನ್ನು ತಾವೇ ಹೊಡೆದುಹಾಕಿದರು. ಅವುಗಳಲ್ಲೊಂದು ಅವರಿಗೆ ಅತ್ಯಂತ ಪ್ರಿಯವಾದ ಕಾರಾಗಿತ್ತು.

ಸ್ಟೆಪ್ನಿಯ ಪ್ರಕರಣ ಚಿಕ್ಕದು. ಟ್ಯೂಬಿಲ್ಲದ ಟಾಯರು, ಗಾಳಿಯ ಒತ್ತಡ ತೋರಿಸುವ ಸಾಧನ, ಪಂಕ್ಚರು ಮುಚ್ಚುವ ಸಾಮಗ್ರಿ ಇವಿದ್ದರೆ ಕಾರಿನಲ್ಲಿ ಹೆಚ್ಚಿನ ಗಾಲಿ ಇರಬೇಕಾಗಿಲ್ಲವೆಂದು 2020ರಲ್ಲಿ ನಿಯಮ ಸಡಿಲಾಯಿತು. ಡಾಂಬರಿನ ನಗರಕ್ಕೆ ಇದು ಸರಿಯಿರಬಹುದು. ಜಾಲಿಮುಳ್ಳು ಚುಚ್ಚಿದ ತೂತಿಗೂ ಆ ಅಂಟು ಸಾಕು. ಆದರೆ ಹೊಲದ ದಾರಿಯ ಚೂಪುಗಲ್ಲು ಟಾಯರಿನ ಪಕ್ಕೆಯನ್ನು ಸೀಳಿದರೆ ಅಂಟು ನಿಷ್ಪ್ರಯೋಜಕ; ಮಳೆಗಾಲದ ಎರೆಮಣ್ಣಿನಲ್ಲಿ ಆ ಗಾಡಿಯನ್ನು ಎಳೆದು ತರಲು ಎತ್ತೇ ಬೇಕು. ಈ ಮಾತಿನಲ್ಲಿ ಅಜ್ಜ, ಮೊಮ್ಮಗಳು ಇಬ್ಬರೂ ಒಂದೇ ಪಕ್ಷ.

ಎಂಜಿನ್ನಿನ ವಿಷಯ ಬಂದಾಗ ಮಾತು ಭಾರವಾಯಿತು. ಅಜ್ಜನವರ ಮೆಚ್ಚಿನ 1248 ಸಿ.ಸಿ. ಡೀಸೆಲ್ ಎಂಜಿನ್ 2020ರ ಏಪ್ರಿಲ್ 1ರಂದು ಬಿ.ಎಸ್. 6 ಹೊಗೆನಿಯಮ ಜಾರಿಗೆ ಬಂದುದರೊಡನೆ ಕಾಲವಾಯಿತು. ಹೊಸ ನಿಯಮ ತಪ್ಪೆನ್ನಲಾಗದು. ಮಸಿಯನ್ನು ಉಸಿರಾಡುವವರು ಕಾರಿಲ್ಲದವರೇ ಹೆಚ್ಚು. ಆದರೆ ಆ ಮಸಿಯನ್ನು ಹಿಡಿಯಲು ಹೊಗೆಕೊಳವೆಗೆ ಹಾಕುವ ಜಾಳಿಗೆಗೆ ಒಂದು ಸ್ವಭಾವವಿದೆ. ತುಂಬಿಕೊಂಡ ಮಸಿಯನ್ನು ಅದು ಆಗಾಗ ಸುಟ್ಟು ಹಾಕಬೇಕು. ಸುಡಲು ಆರುನೂರು ಡಿಗ್ರಿಯ ಆಸುಪಾಸಿನ ಕಾವು ಬೇಕು. ಆ ಕಾವು ಏರಿ ನಿಲ್ಲಲು ಎಂಜಿನ್ನು ಸ್ವಲ್ಪ ಹೊತ್ತು ಎಡೆಬಿಡದೆ ಒಂದೇ ಓಟದಲ್ಲಿ ದುಡಿಯಬೇಕು. ಬೆಂಗಳೂರು ಪುಣೆ ಹೆದ್ದಾರಿಯಲ್ಲಿ ಓಡಾಡುವವರಿಗೆ ಇದು ಗಮನಕ್ಕೇ ಬಾರದು. ಮನೆಯಿಂದ ಹೊಲಕ್ಕೆ, ಹೊಲದಿಂದ ಸಂತೆಗೆ ನಾಲ್ಕಾರು ಕಿಲೋಮೀಟರು ಓಡಿ ನಿಲ್ಲುವ ಗಾಡಿಯ ಜಾಳಿಗೆ ಮಾತ್ರ ಅರ್ಧಕ್ಕೇ ಸುಟ್ಟು ಅರ್ಧಕ್ಕೇ ಕಟ್ಟಿಕೊಂಡು, ಕೊನೆಗೆ ಎಚ್ಚರಿಕೆಯ ದೀಪ ಹೊತ್ತಿಸುತ್ತದೆ. ಹಳ್ಳಿಯ ದುಡಿಮೆಗೆ ಹೇಳಿಮಾಡಿಸಿದ್ದೆಂದು ಹೆಸರಾಗಿದ್ದ ಡೀಸೆಲ್ ಕಾರು ಹೀಗೆ ಹಳ್ಳಿಗೇ ಒಗ್ಗದಂತಾದುದು ವಿಚಿತ್ರವೇ ಸರಿ.

ಪೆಟ್ರೋಲಿನ ಕಥೆ ಬೇರೆ. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಿಯವರು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಿಯೇ, 2023ರ ಫೆಬ್ರವರಿಯಲ್ಲಿ. 2025ರ ಹೊತ್ತಿಗೆ ಅದು ದೇಶವನ್ನೆಲ್ಲ ವ್ಯಾಪಿಸಿತು. ಒಂದು ಲೀಟರು ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆ ಶಕ್ತಿ. ಐದರಲ್ಲೊಂದು ಪಾಲು ಅದೇ ಆದಮೇಲೆ ಲೀಟರಿನ ಶಕ್ತಿ ನೂರಕ್ಕೆ ಆರೇಳರಷ್ಟು ತಗ್ಗುವುದು ಲೆಕ್ಕಕ್ಕೆ ಸರಿ. ಆ ಇಂಧನಕ್ಕೆಂದೇ ಹದಗೊಳಿಸಿದ ಎಂಜಿನ್ನಿನಲ್ಲಿ ಅದರ ಸ್ವಲ್ಪ ಭಾಗ ಮರಳಿ ಸಿಗುತ್ತದೆ. ನೀರನ್ನು ಹೀರುವ ಗುಣವೂ, ಹಳೆಯ ರಬ್ಬರಿನ ಕೊಳವೆಗಳನ್ನು ಹಾಳುಮಾಡುವ ಗುಣವೂ ಅದಕ್ಕಿವೆ. ಇಲ್ಲಿ ಮುಳಗುಂದದ ಕಾರುಪ್ರೇಮಿ ನಗರದ ಕಾರುಪ್ರೇಮಿಯಂತೆ ಒಮ್ಮೆಲೇ ಕೂಗಾಡುವಂತಿಲ್ಲ. ಎಥೆನಾಲ್ ಆಗುವುದು ಕಬ್ಬಿನಿಂದ, ಗೋವಿನಜೋಳದಿಂದ. 2025ರ ನವೆಂಬರಿನಲ್ಲಿ ಲಕ್ಷ್ಮೇಶ್ವರದಲ್ಲಿ ರೈತರು ಗೋವಿನಜೋಳದ ಖರೀದಿಗಾಗಿ ಧರಣಿ ಕುಳಿತಾಗ, ಎಥೆನಾಲ್ ಕಾರ್ಖಾನೆಗಳು ಎಷ್ಟು ಕೊಳ್ಳಬೇಕೆಂಬುದೂ ಆ ಚರ್ಚೆಯೊಳಗೇ ಇತ್ತು. ಮೈಲೇಜು ಕಡಮೆಯಾಯಿತೆಂದು ಮುಖ ಸಿಂಡರಿಸುವವನೂ, ಜೋಳಕ್ಕೆ ಬೆಲೆ ಬರಲೆಂದು ಕಾಯುವವನೂ ಈ ಸೀಮೆಯಲ್ಲಿ ಒಬ್ಬನೇ. ಅಜ್ಜನವರ ಎಂಟು ಎಕರೆಯಲ್ಲಿ ಮೂರು ಗೋವಿನಜೋಳದ್ದು.

ಈ ನಡುವೆ ಬೀಗರಿಂದ ಒಂದು ಸಲಹೆ ಬಂದಿತು: ಹೊಸದರ ಗೊಡವೆ ಬೇಡ, ಹಳೆಯ ಇನ್ನೋವಾ ಒಂದನ್ನು ಕೊಂಡುಬಿಡಿ. ರಾಮನಗರದ ಬಳಿಯ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 2000ದಲ್ಲಿ ಕ್ವಾಲಿಸನ್ನೂ 2005ರಲ್ಲಿ ಇನ್ನೋವಾವನ್ನೂ ಹೊರತಂದ ಮೇಲೆ, ಮದುವೆಯ ದಿಬ್ಬಣದಿಂದ ಚುನಾವಣೆಯ ಪ್ರಚಾರದವರೆಗೆ ಅದಿಲ್ಲದೆ ಕೆಲಸ ಸಾಗದಂತಾದುದು ನಿಜ. ಚಕ್ಕಡಿಯಂತೆ ಅದಕ್ಕೂ ಕೆಳಗೊಂದು ಬೇರೆ ಚೌಕಟ್ಟು. ಅದರ ಮೇಲೆ ದೇಹ. 2022ರ ಕೊನೆಯಲ್ಲಿ ಅದೇ ಬಿಡದಿಯಿಂದ ಹೈಕ್ರಾಸ್ ಎಂಬ ಹೊಸ ಇನ್ನೋವಾ ಬಂದಾಗ ಆ ಚೌಕಟ್ಟು ಹೋಗಿತ್ತು. ದೇಹವೇ ಭಾರ ಹೊರುವ ಕಟ್ಟಡ, ಹಿಂಗಾಲಿಯ ಬದಲು ಮುಂಗಾಲಿಗೆ ಎಳೆತ, ಡೀಸೆಲ್ಲಿನ ಬದಲು ಪೆಟ್ರೋಲು, ಮೇಲಿನ ದರ್ಜೆಯವಕ್ಕೆ ವಿದ್ಯುತ್ ಮೋಟಾರಿನ ನೆರವು. ಹಳೆಯ ರೀತಿಯ ಡೀಸೆಲ್ ಇನ್ನೋವಾವನ್ನೂ 2023ರಲ್ಲಿ ಮತ್ತೆ ಅಂಗಡಿಗೆ ತಂದುದನ್ನು ನೋಡಿದರೆ, ಚೌಕಟ್ಟಿನ ಅಭಿಮಾನಿಗಳು ಮುಳಗುಂದದಲ್ಲಿ ಮಾತ್ರವೇ ಇಲ್ಲವೆಂದು ತಿಳಿಯುತ್ತದೆ.

“ಚೌಕಟ್ಟ ಇಲ್ಲದ ಗಾಡಿ, ಕಂಬ ಇಲ್ಲದ ಮನಿ,” ಎಂದರು ಅಜ್ಜ.

“ನಿನ್ನ ಫಿಯಾಟಿಗೆ ಎಲ್ಲಿತ್ತಜ್ಜಾ ಚೌಕಟ್ಟ? ಅಂಬಾಸಿಡರಿಗೂ ಇದ್ದಿದ್ದಿಲ್ಲ,” ಎಂದಳು ಮೊಮ್ಮಗಳು.

ಮಾತು ದಿಟ. ಗಟ್ಟಿತನಕ್ಕೆ ಗಾದೆಯಾದ ಆ ಎರಡು ಗಾಡಿಗಳೂ ಬೇರೆ ಚೌಕಟ್ಟಿಲ್ಲದೆ ದೇಹದ ಬಲದಿಂದಲೇ ನಿಂತವು. ಗೋಡೆಯೇ ಭಾರ ಹೊರುವ ಮನೆಯಲ್ಲಿ ಹುಟ್ಟಿ ಬೆಳೆದು, ಅದರಲ್ಲಿ ಕಂಬಗಳಿದ್ದುವೆಂದು ನೆನೆಯುವವರು ಬಹಳ ಮಂದಿ. ಬೀಗರ ಸಲಹೆ ಅಲ್ಲಿಗೇ ನಿಂತಿತು. ಇನ್ನೋವಾದ ಮೆಟ್ಟಿಲ ಎತ್ತರವನ್ನು ನೆನೆದು ಅಜ್ಜಿಯವರು ಮೊದಲೇ ತಲೆಯಾಡಿಸಿದ್ದರು.

ಕೊನೆಗೆ ವಿದ್ಯುತ್ ಕಾರು. ಇದು ಹೊರಗಿನಿಂದ ಬಂದ ಸೋಜಿಗವೆಂದು ತಿಳಿದವರು ಬೆಂಗಳೂರಿನ ರೇವಾವನ್ನು ಮರೆತಿರುತ್ತಾರೆ. ಬೆಂಗಳೂರಿನ ಮೈನಿ ಸಮೂಹ ಅಮೆರಿಕದ ಅಮೆರಿಗಾನ್ ಕಂಪನಿಯೊಡನೆ ಸೇರಿ 1994ರಲ್ಲಿ ಆರಂಭಿಸಿದ ಸಂಸ್ಥೆ, ಚೇತನ್ ಮೈನಿಯವರ ಮುಂದಾಳುತನದಲ್ಲಿ 2001ರಲ್ಲಿ ಆ ಪುಟ್ಟ ಕಾರನ್ನು ಬೀದಿಗೆ ತಂದಿತು. ಎರಡು ಬಾಗಿಲು, ಉಕ್ಕಿನ ಹಂದರಕ್ಕೆ ತೊಡಿಸಿದ ಪ್ಲಾಸ್ಟಿಕ್ಕಿನ ಮೈ, ಮುಂದಿನ ಆಸನಗಳ ಕೆಳಗೆ ಸೀಸದ ಎಂಟು ಬ್ಯಾಟರಿ, ಒಮ್ಮೆ ವಿದ್ಯುತ್ ತುಂಬಿದರೆ ಎಂಬತ್ತು ಕಿಲೋಮೀಟರು. ಲಂಡನ್ನಿನ ಬೀದಿಗಳಲ್ಲಿ ‘ಜಿ ವಿಜ್’ ಎಂಬ ಹೆಸರಿನಿಂದ ಅದು ಓಡಾಡಿತು. ಯೂರೋಪಿನ ಕಾನೂನಿನಲ್ಲಿ ಅದು ಕಾರೇ ಅಲ್ಲ, ನಾಲ್ಕು ಗಾಲಿಯ ಹಗುರ ವಾಹನ. ಆದುದರಿಂದ ಕಾರಿನ ಗುದ್ದುಪರೀಕ್ಷೆ ಅದಕ್ಕಿರಲಿಲ್ಲ. 2007ರಲ್ಲಿ ಅಲ್ಲಿ ಗುದ್ದಿಸಿ ನೋಡಿದವರು ಗಾಬರಿಯಾದರು. 2010ರಲ್ಲಿ ಮಹೀಂದ್ರ ಕಂಪನಿ ಅದರ ಬಹುಪಾಲನ್ನು ಕೊಂಡು, 2013ರಲ್ಲಿ ಲಿಥಿಯಮ್ ಬ್ಯಾಟರಿಯ ಇ2ಒ ತಂದಿತು. ಅದೂ ಬಹುಕಾಲ ನಿಲ್ಲಲಿಲ್ಲ. ತನ್ನ ಕಾಲಕ್ಕಿಂತ ಮೊದಲೇ ಹುಟ್ಟಿದ ಕೃತಿಗೆ ಓದುಗರು ಸಿಗದಂತೆ ರೇವಾಕ್ಕೂ ಆಯಿತು. ಆದರೆ ನಗರದೊಳಗಿನ ಮನುಷ್ಯನಿಗೆ ದಿನಕ್ಕೆ ನಿಜವಾಗಿ ಎಷ್ಟು ದೂರ ಬೇಕು ಎಂದು ಮೊದಲು ಕೇಳಿ, ಆಮೇಲೆ ಕಾರನ್ನು ಚಿತ್ರಿಸಿದ ಆ ಕ್ರಮವನ್ನು ಇಂದಿನ ಕಾರುಗಾರರು ಇನ್ನೊಮ್ಮೆ ನೋಡಬಹುದು. ಇವರು ಕೂಡಿಹಾಕುತ್ತಿರುವುದು ಬ್ಯಾಟರಿಯ ಭಾರವನ್ನು.

ಮೊಮ್ಮಗಳು ಕಾಗದ ತೆಗೆದು ಲೆಕ್ಕ ಹಾಕಿದಳು. ಮನೆಯ ಹದಿನೈದು ಆಂಪೇರಿನ ಪ್ಲಗ್ಗಿನಿಂದ ಗಂಟೆಗೆ ಸುಮಾರು ಮೂರು ಯೂನಿಟ್ಟು. ಹತ್ತು ಗಂಟೆಗೆ ಮೂವತ್ತು. ಅಷ್ಟರಲ್ಲಿ ಹುಬ್ಬಳ್ಳಿಗೆ ಹೋಗಿಬಂದು ಇನ್ನೂ ಮಿಗುತ್ತದೆ. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರು ಹೊಣೆ ಹೊರುವ ಕಂಪನಿಗಳು ಹಲವಿವೆ. ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಬೆರಳು ಮಾಡಿ ತೋರಿಸಿ, ಗದಗಿನ ಗಾಳಿಯಿಂದಲೇ ಕಾರು ಓಡೀತು ಎಂದಳು. ರಾತ್ರಿ ಕರೆಂಟು ಹೋದರೆ ಎಂದು ಅಜ್ಜ ಕೇಳಿದರು. ಮಾರನೆಯ ರಾತ್ರಿ ತುಂಬಿಸಿದರಾಯಿತು, ವೈದ್ಯರ ಭೇಟಿಯ ಹಿಂದಿನ ದಿನಕ್ಕೇ ಕಾಯಬಾರದಷ್ಟೆ ಎಂದಳು. ಈ ಉತ್ತರ ಅವರಿಗೆ ಹಿಡಿಸಿತು. ದನಕ್ಕೆ ಮೇವು ಕೂಡಿಡುವ ಕ್ರಮವೂ ಅದೇ.

ಅವರನ್ನು ತಡೆದು ನಿಲ್ಲಿಸಿದ ಪ್ರಶ್ನೆ ಇನ್ನೊಂದು: ಕೆಟ್ಟರೆ ರಿಪೇರಿ ಮಾಡುವವರಾರು? ಊರಿನ ಗ್ಯಾರೇಜಿನ ಮಿಸ್ತ್ರಿ ಮೂವತ್ತು ವರ್ಷಗಳಿಂದ ಅವರ ಮೂರು ಗಾಡಿಗಳನ್ನೂ ಬಿಚ್ಚಿ ಜೋಡಿಸಿದವನು. ಈಚಿನ ಕಾರುಗಳಿಗೆ ಸ್ಕ್ಯಾನರು ಹಚ್ಚಿ ದೋಷದ ಅಂಕಿಯನ್ನು ಓದುವುದನ್ನು ಕಲಿತಿದ್ದಾನೆ. ಓದಿದ ಮೇಲೆ ಒಳಗಿನ ಬೀಗ ತೆರೆಯುವ ಕೀಲಿಕೈ ಮಾತ್ರ ಕಂಪನಿಯ ಬಳಿಯಲ್ಲಿಯೇ ಉಳಿದಿರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿಯೇ ಮತ ಹಾಕಿ, ಹೊರಗಿನ ಗ್ಯಾರೇಜುಗಳಿಗೂ ಆ ಕೀಲಿಕೈ ಸಿಗುವಂತೆ ಕಾನೂನು ಮಾಡಿಸಿಕೊಂಡರು. ಭಾರತ ಸರಕಾರ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆದು ಮೋಟಾರು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಜಾಲತಾಣಕ್ಕೂ ಕಾನೂನಿಗೂ ನಡುವಿನ ಅಂತರ ಸಣ್ಣದಲ್ಲ. ವಿದ್ಯುತ್ ಕಾರಿನಲ್ಲಿ ಎಣ್ಣೆ ಬದಲಿಸುವುದಿಲ್ಲ, ಕ್ಲಚ್ಚಿಲ್ಲ, ಸೈಲೆನ್ಸರಿಲ್ಲ. ಮಿಸ್ತ್ರಿಯ ಹೊಟ್ಟೆ ತುಂಬಿಸುತ್ತಿದ್ದ ಕೆಲಸಗಳಲ್ಲಿ ಹೆಚ್ಚಿನವು ಇಲ್ಲ. ಉಳಿದಿರುವುದು ನೂರಾರು ವೋಲ್ಟಿನ ಕಿತ್ತಳೆ ಬಣ್ಣದ ತಂತಿಗಳು. ಅವುಗಳನ್ನು ಬರಿಗೈಯಿಂದ ಮುಟ್ಟಿದವನು ಎರಡನೆಯ ಸಲ ಮುಟ್ಟುವುದಿಲ್ಲ. ಈ ಬದಲಾವಣೆಯನ್ನು ಚಿತ್ರಿಸಿದ ವಿನ್ಯಾಸಕಾರರ ಮೇಜಿನ ಮೇಲೆ ಮುಳಗುಂದದ ಮಿಸ್ತ್ರಿಯ ಹೆಸರು ಎಂದೂ ಬಂದಿರಲಾರದು.

ತೀರ್ಮಾನವನ್ನು ಕೊನೆಗೆ ಮಾಡಿದವರು ಅಜ್ಜಿಯವರು. ಹುಬ್ಬಳ್ಳಿಯ ಮಾರಾಟದ ಅಂಗಡಿಗಳಿಗೆ ಹೋದ ದಿನ ಅವರು ಗಾಜನ್ನೂ ನೋಡಲಿಲ್ಲ, ನಕ್ಷತ್ರವನ್ನೂ ಎಣಿಸಲಿಲ್ಲ. ಒಂದೊಂದು ಕಾರಿನಲ್ಲಿಯೂ ಮೊದಲು ಕುಳಿತು, ಆಮೇಲೆ ಕಾಲು ಒಳಗೆಳೆದುಕೊಂಡು, ಮತ್ತೆ ಇಳಿದರು. ತಗ್ಗಿನ ಆಸನದಿಂದ ಏಳಲು ಮೊಣಕಾಲು ಒಪ್ಪಲಿಲ್ಲ. ಎತ್ತರದ್ದಕ್ಕೆ ಏರಲು ಒಪ್ಪಲಿಲ್ಲ. ಸೊಂಟದ ಮಟ್ಟಕ್ಕೇ ಆಸನವಿದ್ದು ಬಾಗಿಲು ಅಗಲವಾಗಿ ತೆರೆಯುವ ಒಂದರಲ್ಲಿ ಮಾತ್ರ ಎರಡನೆಯ ಸಲವೂ ಕುಳಿತರು. “ಇದರಾಗ ಏಳಾಕ ಕುಂಡ್ರಾಕ ತ್ರಾಸ ಇಲ್ಲ ನೋಡ್ರಿ,” ಎಂದು ಅಜ್ಜನವರಿಗೆ ಹೇಳಿದರು. ಅದು ವಿದ್ಯುತ್ ಕಾರಾಗಿತ್ತು. ಗಾಳಿಗೆ ತಿರುಗುಗುಂಡಿ ಇತ್ತು, ನಕ್ಷತ್ರ ಐದಿತ್ತು, ಸ್ಟೆಪ್ನಿ ಇರಲಿಲ್ಲ. ಸ್ಟೆಪ್ನಿಯ ದುಡ್ಡನ್ನು ಬೇರೆ ಕೊಡುವುದಾಗಿ ಅಜ್ಜನವರು ಒಂದು ಗಂಟೆ ವಾದಿಸಿ, ಡಿಕ್ಕಿಯಲ್ಲಿ ಅದಕ್ಕೆ ಜಾಗ ಅಳೆದು ಬಂದರು.

ಗಾಡಿ ಮನೆಗೆ ಬರುವ ಮೊದಲೇ ಮಿಸ್ತ್ರಿ ತನ್ನ ಇಬ್ಬರು ಹುಡುಗರನ್ನು ಕರೆದುಕೊಂಡು ಪಡಸಾಲೆಗೆ ಬಂದು, ಆ ಕಿತ್ತಳೆ ತಂತಿಯ ವಿಷಯವನ್ನು ಹಲಗೆಯ ಮೇಲೆ ಬರೆದುಕೊಡಬೇಕೆಂದು ಕೇಳಿದನು, ಗ್ಯಾರೇಜಿನಲ್ಲಿ ತೂಗುಹಾಕಲು. ಮೊಮ್ಮಗಳು ತನ್ನ ಪುಸ್ತಕ ನೋಡಿ, ‘ಉಚ್ಚ ವಿಭವಾಂತರದ ವಿದ್ಯುದ್ವಾಹಕ, ಅನಧಿಕೃತ ಸ್ಪರ್ಶ ನಿಷಿದ್ಧ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಳು. ಹುಡುಗರು ಕೂಡಿಸಿಕೊಂಡು ಓದಿ ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜನವರು ಹಲಗೆಯನ್ನು ತೆಗೆದುಕೊಂಡು ಒದ್ದೆಬಟ್ಟೆಯಿಂದ ಒರೆಸಿ, ಸುಣ್ಣದಕಡ್ಡಿ ಕೇಳಿ, ತಾವೇ ಬರೆದರು: ‘ಕಿತ್ತಳಿ ವಾಯರು ಜೀವಾ ತಗೀತೈತಿ. ಮುಟ್ಟಬ್ಯಾಡ್ರಿ.’